ಒಡಂಬಡಿಕೆಯ ಮುದ್ರೆಯೂ ಮುಮುಕ್ಷುವಿನ ಸಂಶಯವೂ

ಮುಕ್ತಿಯನ್ನು ಬಯಸುವ ಜೀವನಿಗೆ ಎದುರಾಗುವ ಪ್ರಶ್ನೆಗಳು ಎರಡು. ಮುಕ್ತಿಯ ಮಾರ್ಗ ಯಾವುದು ಎಂಬುದು ಮೊದಲನೆಯದು. ನಾನು ಆ ಮಾರ್ಗದಲ್ಲಿರುವೆನೆಂದು ನನಗೆ ತಿಳಿಯುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಎಲ್ಲ ಮತಗಳ ಶಾಸ್ತ್ರಗಳೂ ವಿಸ್ತಾರವಾಗಿ ಉತ್ತರ ಕೊಟ್ಟಿವೆ. ಎರಡನೆಯದಾದರೋ ಸಾಧಕನ ಏಕಾಂತದಲ್ಲಿ ಹುಟ್ಟಿ ಅವನನ್ನು ಒಳಗಿನಿಂದಲೇ ಸುಡುವಂಥದು. 17ನೆಯ ಶತಮಾನದ ಇಂಗ್ಲೆಂಡಿನ ಪ್ಯೂರಿಟನ್ ಪಂಥದವರನ್ನು ಈ ಪ್ರಶ್ನೆಯು ಬಹುವಾಗಿ ಕಾಡಿತು. ಅದಕ್ಕೆ ಸಾಹಿತ್ಯರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯನೆಂದರೆ ಜಾನ್ ಬನ್ಯನ್ (1628–1688). ಅವನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಗ್ರಂಥವು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿತು. ಮಿಷನರಿಗಳ ಮತಪ್ರಚಾರದ ಪುಸ್ತಕವೆಂದೋ, ಹೊಸಗನ್ನಡ ಗದ್ಯದ ಆರಂಭಕಾಲದ ಮಾದರಿಯೆಂದೋ ಅದನ್ನು ಸ್ಮರಿಸುವುದುಂಟು. ಅದರ ಒಡಲಲ್ಲಿರುವ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬನ್ಯನ್ನನನ್ನು ಅರಿಯಬೇಕಾದರೆ ಅವನು ನೆಚ್ಚಿದ ‘ಒಡಂಬಡಿಕೆ’ಯ ಸಿದ್ಧಾಂತವನ್ನು ಮೊದಲು ಅರಿಯಬೇಕು. ಕನ್ನಡ ಬೈಬಲ್ಲಿನ ಎರಡು ಭಾಗಗಳಿಗೆ ‘ಹಳೆಯ ಒಡಂಬಡಿಕೆ’, ‘ಹೊಸ ಒಡಂಬಡಿಕೆ’ ಎಂಬ ಹೆಸರುಗಳಿರುವುದು ಸರ್ವವಿದಿತ. ಒಡಂಬಡಿಕೆಯೆಂದೊಡನೆ ಸರಿಸಮಾನರಾದ ಇಬ್ಬರು ಮಾಡಿಕೊಂಡ ಒಪ್ಪಂದವು ನಮಗೆ ನೆನಪಾಗುತ್ತದೆ. ಮೂಲದ ಹೀಬ್ರೂ ಪದ ‘ಬೆರೀತ್’. ಅದಕ್ಕೆ ಗ್ರೀಕಿನಲ್ಲಿ ಬಳಸಿದ ಪದ ‘ದಿಯಾಥೇಕೆ’. ಈ ಗ್ರೀಕ್ ಪದಕ್ಕೆ ಮರಣಶಾಸನ ಎಂಬ ಅರ್ಥವೂ ಉಂಟು. ಒಪ್ಪಂದಕ್ಕೆ ಇಬ್ಬರು ಬೇಕು. ಮರಣಶಾಸನಕ್ಕೆ ಕೊಡುವವನೊಬ್ಬನ ಸಂಕಲ್ಪವೇ ಸಾಕು. ಮನುಷ್ಯನು ಷರತ್ತನ್ನು ಪಾಲಿಸಿ ಮುಕ್ತಿಯನ್ನು ಪಡೆಯುವನೋ, ಅಥವಾ ದೇವರು ಕೊಟ್ಟದ್ದನ್ನು ಬರಿದೆ ಸ್ವೀಕರಿಸುವನೋ ಎಂಬ ತೊಡಕು ಹೀಗೆ ಪದದೊಳಗೇ ಅಡಗಿದೆ.

1534ರಲ್ಲಿ ಜ್ಯೂರಿಕ್ ನಗರದ ಬುಲ್ಲಿಂಗರನು ಈ ವಿಷಯವನ್ನೇ ಕುರಿತು ಒಂದು ಪ್ರಬಂಧವನ್ನು ರಚಿಸಿದನು. 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದಲ್ಲಿ ಈ ವಿಚಾರವು ವ್ಯವಸ್ಥಿತವಾಗಿ ನಿರೂಪಿತವಾಯಿತು. ಅದರ ಪ್ರಕಾರ ಆದಿಮಾನವನಾದ ಆದಾಮನೊಡನೆ ದೇವರು ಮಾಡಿಕೊಂಡದ್ದು ಕ್ರಿಯೆಯ ಒಡಂಬಡಿಕೆ. ವಿಧಿಯನ್ನು ಪಾಲಿಸಿದರೆ ಜೀವ, ಮೀರಿದರೆ ಮರಣ. ಆದಾಮನು ಮೀರಿದನು. ಆಮೇಲೆ ದೇವರು ಕೃಪೆಯ ಒಡಂಬಡಿಕೆಯನ್ನು ಸ್ಥಾಪಿಸಿದನು. ಕ್ರಿಸ್ತನಲ್ಲಿ ವಿಶ್ವಾಸವಿಟ್ಟವರಿಗೆ ಮುಕ್ತಿ. ಆದರೆ ಆ ವಿಶ್ವಾಸವೂ ಮಾನವಪ್ರಯತ್ನದ ಫಲವಲ್ಲ. ತಾನು ಅನಾದಿಯಲ್ಲಿ ಆರಿಸಿಕೊಂಡವರಿಗೆ ದೇವರೇ ಅದನ್ನು ಅನುಗ್ರಹಿಸುತ್ತಾನೆ. ಈ ಎರಡು ಒಡಂಬಡಿಕೆಗಳ ಭೇದವನ್ನು ವಿವರಿಸುವುದಕ್ಕಾಗಿಯೇ ಬನ್ಯನ್ನನು 1659ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು.

ಚಂಚಲವಾದ ಮನುಷ್ಯಹೃದಯದ ಮೇಲಲ್ಲದೆ ಅಚಲವಾದ ದೈವಸಂಕಲ್ಪದ ಮೇಲೆ ಮುಕ್ತಿಯನ್ನು ನಿಲ್ಲಿಸಿದ್ದು ಈ ಸಿದ್ಧಾಂತದ ಮಹತ್ತು. ಆದರೆ ತೊಡಕು ಹುಟ್ಟುವುದೂ ಇಲ್ಲಿಯೇ. ‘ವಿಶ್ವಾಸವುಳ್ಳವರೆಲ್ಲ ಮುಕ್ತರು, ನಾನು ವಿಶ್ವಾಸವುಳ್ಳವನು, ಆದುದರಿಂದ ನಾನು ಮುಕ್ತನು’ ಎಂಬ ಅನುಮಾನವನ್ನು ಪ್ಯೂರಿಟನ್ ಬೋಧಕರು ಹೇಳಿಕೊಡುತ್ತಿದ್ದರು. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ವ್ಯಾಪ್ತಿಯು ಶಾಸ್ತ್ರಸಿದ್ಧ. ಹೇತುವು ಮಾತ್ರ ಅಸಿದ್ಧ. ನನ್ನಲ್ಲಿರುವುದು ನಿಜವಾದ ವಿಶ್ವಾಸವೋ ಅದರ ಆಭಾಸವೋ ಎಂಬುದನ್ನು ನಿರ್ಣಯಿಸಬೇಕಾದುದು ನನ್ನ ಮನಸ್ಸೇ; ಆ ಮನಸ್ಸೇ ಮಲಿನವಾದುದೆಂದು ಅದೇ ಶಾಸ್ತ್ರವು ಸಾರುತ್ತದೆ. ಮಾನವಜ್ಞಾನದ ಎಲ್ಲೆಯು ಇಲ್ಲಿ ಬಹು ಕಠೋರವಾಗಿ ಗೋಚರಿಸುತ್ತದೆ.

ಬನ್ಯನ್ನನು ಈ ಎಲ್ಲೆಗೆ ತಲೆಯನ್ನು ಚಚ್ಚಿಕೊಂಡವನು. ಅವನು ಪಾತ್ರೆಗಳನ್ನು ದುರಸ್ತಿಮಾಡುವ ಬಡಕುಟುಂಬದವನು. ಅನುಮತಿಯಿಲ್ಲದೆ ಧರ್ಮಬೋಧೆ ಮಾಡಿದ್ದಕ್ಕಾಗಿ 1660ರಿಂದ 1672ರವರೆಗೆ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದವನು. ಸೆರೆಯಲ್ಲಿದ್ದಾಗಲೇ, 1666ರಲ್ಲಿ, ಅವನ ಆತ್ಮಕಥೆಯಾದ ‘ಗ್ರೇಸ್ ಅಬೌಂಡಿಂಗ್’ ಪ್ರಕಟವಾಯಿತು. ತನಗೆ ವಿಶ್ವಾಸವುಂಟೇ ಎಂಬುದನ್ನು ಪರೀಕ್ಷಿಸಲು ದಾರಿಯ ನೀರುಗುಂಡಿಗಳನ್ನು ಒಣಗುವಂತೆ ಆಜ್ಞಾಪಿಸಬೇಕೆಂದು ಒಮ್ಮೆ ಅವನಿಗೆ ತೋರಿತಂತೆ. ಪವಾಡ ನಡೆಯದಿದ್ದರೆ ತನ್ನ ಗತಿಯೇನೆಂಬ ಭಯದಿಂದ ಆ ಪರೀಕ್ಷೆಯನ್ನೇ ಕೈಬಿಟ್ಟನು. ಮುಂದೆ ತಾನು ಕ್ರಿಸ್ತನನ್ನು ಮಾರಿಕೊಂಡೆನೆಂಬ ಭೀತಿಯು ಎರಡು ವರ್ಷಕ್ಕೂ ಮಿಗಿಲಾಗಿ ಅವನನ್ನು ಹಿಂಡಿತು. ಕೊನೆಗೆ ಒಂದು ದಿನ ಹೊಲದಲ್ಲಿ ನಡೆದುಹೋಗುತ್ತಿದ್ದಾಗ, ತನ್ನ ನೀತಿಯು ತನ್ನ ಹೃದಯದಲ್ಲಿಲ್ಲ, ಸ್ವರ್ಗದಲ್ಲಿದೆ. ತನ್ನ ಮನಸ್ಸು ಏರಿದರೆ ಅದು ಹೆಚ್ಚದು, ಇಳಿದರೆ ಕುಗ್ಗದು ಎಂಬ ಅರಿವು ಮೂಡಿತು. ಹೇತುವಿಗಾಗಿ ತನ್ನೊಳಗೆ ತಡಕಾಡುವುದನ್ನು ಬಿಟ್ಟುದರಿಂದಲೇ ಅವನಿಗೆ ನೆಮ್ಮದಿ ದೊರೆಯಿತೆಂಬುದು ಗಮನಾರ್ಹ.

ಈ ಅನುಭವವೇ ‘ಯಾತ್ರಿಕನ ಸಂಚಾರ’ದಲ್ಲಿ ರೂಪಕವಾಗಿ ಪರಿಣಮಿಸಿದೆ. ನಾಶಪುರದಿಂದ ಹೊರಟ ಕ್ರಿಶ್ಚಿಯನ್ ಎಂಬ ಯಾತ್ರಿಕನಿಗೆ ಶಿಲುಬೆಯ ಬಳಿ ಬೆನ್ನಿನ ಹೊರೆ ಕಳಚಿಬೀಳುತ್ತದೆ; ತೇಜೋಮೂರ್ತಿಯೊಬ್ಬನು ಮುದ್ರೆಯೊತ್ತಿದ ಸುರುಳಿಯೊಂದನ್ನು ಅವನಿಗೆ ಕೊಡುತ್ತಾನೆ. ಬೆಟ್ಟದ ನಡುವಿನ ತಂಪಿನಲ್ಲಿ ನಿದ್ರಿಸಿ ಅದನ್ನು ಕಳೆದುಕೊಂಡ ಯಾತ್ರಿಕನು ಅಳುತ್ತ ಹಿಂದಿರುಗಿ ಹುಡುಕಿಕೊಳ್ಳುತ್ತಾನೆ. ಮರಣಚ್ಛಾಯೆಯ ಕಣಿವೆಯಲ್ಲಿ ಪಿಶಾಚಿಯೊಂದು ಹಿಂದಿನಿಂದ ಬಂದು ದೇವದೂಷಣೆಯ ಮಾತುಗಳನ್ನು ಮೆಲ್ಲನೆ ಉಸುರಿದಾಗ, ಅವು ತನ್ನ ಮನಸ್ಸಿನಿಂದಲೇ ಹೊರಟವೆಂದು ಭ್ರಮಿಸುತ್ತಾನೆ. ತನ್ನ ದನಿಯನ್ನೇ ತಾನರಿಯದ ಜೀವನ ಅವಸ್ಥೆಯನ್ನು ಇದಕ್ಕಿಂತ ಸರಳವಾಗಿ ಚಿತ್ರಿಸುವುದು ಕಷ್ಟ. ಸಂಶಯದುರ್ಗದಲ್ಲಿ ‘ನಿರಾಶೆ’ಯೆಂಬ ದೈತ್ಯನ ಸೆರೆಯಾಳಾಗಿ ಬುಧವಾರದಿಂದ ಶನಿವಾರದವರೆಗೆ ನರಳಿದವನಿಗೆ, ಆ ಬಾಗಿಲುಗಳನ್ನು ತೆರೆಯಬಲ್ಲ ‘ವಾಗ್ದಾನ’ವೆಂಬ ಬೀಗದಕೈ ತನ್ನ ಎದೆಯಲ್ಲೇ ಇದ್ದುದು ಕಟ್ಟಕಡೆಗೆ ನೆನಪಾಗುತ್ತದೆ. ಒಡಂಬಡಿಕೆಯ ಸಿದ್ಧಾಂತವೆಲ್ಲ ಈ ಒಂದು ಬೀಗದಕೈಯಲ್ಲಿ ಅಡಕವಾಗಿದೆ.

ಆದರೂ ಕೃತಿಯು ನಿರ್ದೋಷವಲ್ಲ. ಸುರುಳಿಯೆಂದರೆ ಮುಕ್ತಿಯ ಭರವಸೆಯೆಂದು ಬನ್ಯನ್ನನೇ ಸೂಚಿಸಿದ್ದಾನೆ. ವೆಸ್ಟ್‌ಮಿನ್‌ಸ್ಟರ್ ಪ್ರಮಾಣದ ಪ್ರಕಾರ ಭರವಸೆಯು ವಿಶ್ವಾಸದ ಸಾರವಲ್ಲ. ನಿಜವಿಶ್ವಾಸಿಯೂ ಅದಿಲ್ಲದೆ ಬಹುಕಾಲ ತೊಳಲಬಹುದು. ಬನ್ಯನ್ನನು ಆ ಪ್ರಮಾಣವನ್ನು ರಚಿಸಿದವರ ಗುಂಪಿಗೆ ಸೇರಿದವನಲ್ಲವಾದರೂ ಅವನ ಬಾಳೇ ಈ ಮಾತಿಗೆ ಸಾಕ್ಷಿಯಾಗಿದೆ. ಹೀಗಿರಲು ಸ್ವರ್ಗದ ಬಾಗಿಲಲ್ಲಿ ಅದೇ ಸುರುಳಿಯನ್ನು ರಹದಾರಿಯಂತೆ ಕೇಳುವುದು ಹೇಗೆ ಸಂಗತವಾದೀತು? ಭರವಸೆಯನ್ನೂ ಮುಕ್ತಿಯನ್ನೂ ರೂಪಕವು ಇಲ್ಲಿ ಬೆರೆಸಿಬಿಟ್ಟಿದೆ. ಕಡೆಯ ನದಿಯನ್ನು ದಾಟುವ ಪ್ರಸಂಗದಲ್ಲಿ ಕವಿಹೃದಯವು ಈ ದೋಷವನ್ನು ತಾನೇ ಕೊಂಚ ತಿದ್ದಿಕೊಂಡಂತೆ ತೋರುತ್ತದೆ. ಸುರುಳಿಯು ಕೈಯಲ್ಲಿದ್ದರೂ ಯಾತ್ರಿಕನು ನೀರಿನಲ್ಲಿ ಮುಳುಗುತ್ತ ತಾನು ದಡ ಸೇರೆನೆಂದು ಕೂಗುತ್ತಾನೆ. ‘ಆಶಾವಂತ’ನೆಂಬ ಸಂಗಾತಿಯು ಅವನ ತಲೆಯನ್ನು ಎತ್ತಿಹಿಡಿಯುತ್ತಾನೆ.

ಅದೇ ನದಿಯನ್ನು ‘ಅಜ್ಞಾನ’ನೆಂಬವನು ‘ವ್ಯರ್ಥಾಶೆ’ಯೆಂಬ ಅಂಬಿಗನ ದೋಣಿಯಲ್ಲಿ ನಿರಾಯಾಸವಾಗಿ ದಾಟುತ್ತಾನೆ. ತನ್ನ ಹೃದಯವೇ ತನಗೆ ಸಾಕ್ಷಿಯೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದವನು ಅವನು. ಬಾಗಿಲಲ್ಲಿ ಸುರುಳಿಯನ್ನು ಕೇಳಿದಾಗ ಎದೆಯನ್ನು ತಡಕುತ್ತಾನೆ, ಏನೂ ಸಿಕ್ಕದು. ಅವನ ಕೈಕಾಲು ಕಟ್ಟಿ ಬೆಟ್ಟದ ಮಗ್ಗುಲಿನ ಬಾಗಿಲಿನೊಳಕ್ಕೆ ನೂಕುತ್ತಾರೆ. ಸ್ವರ್ಗದ್ವಾರದಿಂದಲೂ ನರಕಕ್ಕೆ ದಾರಿಯಿದೆಯೆಂದು ಕನಸುಗಾರನಿಗೆ ಆಗ ತಿಳಿಯುತ್ತದೆ. ಅಲ್ಲಿಗೆ ಕನಸು ಒಡೆಯುತ್ತದೆ. ಈ ಮುಕ್ತಾಯವು ನಿಷ್ಕರುಣವಾದುದೆಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ತನ್ನ ಹೃದಯವನ್ನೇ ಅಳೆಯಲಾರದ ಮನುಷ್ಯನು ಪರರ ಅಂತ್ಯಗತಿಯನ್ನು ಕಂಡು ಹೇಳುವುದೆಂದರೆ, ಒಪ್ಪಿಕೊಂಡ ಎಲ್ಲೆಯನ್ನು ತಾನೇ ದಾಟಿದಂತೆ.

1684ರಲ್ಲಿ ಪ್ರಕಟವಾದ ಎರಡನೆಯ ಭಾಗವು ಇದಕ್ಕೆ ಪ್ರಾಯಶ್ಚಿತ್ತದಂತಿದೆ. ಅಲ್ಲಿ ‘ಭಯಶೀಲ’ನೆಂಬ ಯಾತ್ರಿಕನ ವೃತ್ತಾಂತ ಬರುತ್ತದೆ. ತನ್ನನ್ನು ಒಳಗೆ ಸೇರಿಸುವರೋ ಇಲ್ಲವೋ ಎಂಬ ಅಳುಕಿನಲ್ಲಿಯೇ ಬಾಳೆಲ್ಲ ನಡೆದವನು ಅವನು. ಅವನು ದಾಟುವ ದಿನ ನದಿಯ ನೀರು ಹಿಂದೆಂದೂ ಕಾಣದಷ್ಟು ತಗ್ಗುತ್ತದೆ. ಬಹುಮಟ್ಟಿಗೆ ಕಾಲು ನೆನೆಯದಂತೆಯೇ ಅವನು ದಡ ಸೇರುತ್ತಾನೆ. ನಿಶ್ಚಯವಿದ್ದವನು ಬಿದ್ದನು, ಅಂಜಿದವನು ಸೇರಿದನು. ಇವೆರಡನ್ನೂ ಜೊತೆಗಿಟ್ಟು ಓದಿದಾಗಲೇ ಬನ್ಯನ್ನನ ದರ್ಶನವು ಪೂರ್ಣವಾಗುತ್ತದೆ.

ಶರಣಧರ್ಮದ ಪ್ರಸಾದತತ್ತ್ವವೂ ಈ ಕೃಪಾಸಿದ್ಧಾಂತವೂ ಒಂದೇ ಎಂದು ಆತುರದಿಂದ ಹೇಳಲಾಗದು. ನಮ್ಮಲ್ಲಿ ಗುರುವು ಎದುರಿಗೆ ನಿಂತು ಇಷ್ಟಲಿಂಗವನ್ನು ಕರಸ್ಥಲಕ್ಕೆ ಕರುಣಿಸುತ್ತಾನೆ. ಪ್ಯೂರಿಟನ್ನನಿಗೆ ಮುಕ್ತಿಯ ಭರವಸೆಯನ್ನು ಕೈಯೆತ್ತಿ ಕೊಡಬಲ್ಲ ಮನುಷ್ಯನಿಲ್ಲ. ಆದುದರಿಂದಲೇ ಅವನ ಏಕಾಂತವು ಅಷ್ಟು ದಾರುಣ. ಆದರೆ ಗುರುಕರುಣೆಯ ಕುರುಹನ್ನು ಧರಿಸಿದವರು ತಮಗೆಲ್ಲ ಕೈಸೇರಿತೆಂದು ಭಾವಿಸಿದರೆ, ಅಂಬಿಗ ‘ವ್ಯರ್ಥಾಶೆ’ಯು ನಮ್ಮ ದಡಕ್ಕೂ ದೋಣಿಯನ್ನು ತಂದಾನು. ಕುರುಹು ಕೊಡುವವನ ಕರುಣೆಗೆ ಸಾಕ್ಷಿಯೇ ಹೊರತು ಪಡೆದವನ ಯೋಗ್ಯತೆಗೆ ಅಲ್ಲ. ತಾನು ಸೇರಿದೆನೆಂದಾಗಲಿ, ನೆರೆಯವನು ಸೇರಲಾರನೆಂದಾಗಲಿ ಹೇಳುವ ಅಧಿಕಾರ ಮನುಷ್ಯನಿಗಿಲ್ಲ. ನದಿಯಲ್ಲಿ ಮುಳುಗುವವನ ತಲೆಯನ್ನು ಎತ್ತಿಹಿಡಿಯುವ ಅಧಿಕಾರ ಮಾತ್ರ ಎಲ್ಲರಿಗೂ ಉಂಟು. ಅನ್ಯಮತದ ಈ ಗ್ರಂಥವನ್ನು ಸಾಧಕರೂ ಸಾಹಿತ್ಯದ ವಿದ್ಯಾರ್ಥಿಗಳೂ ಆದರದಿಂದ ಓದುವುದಕ್ಕೆ ಇಷ್ಟೇ ಕಾರಣ ಸಾಕು.