ಹದಿನಾಲ್ಕರ ಹರೆಯಕ್ಕೆ ಯಾವ ಕಾದಂಬರಿ?

ಸಿಂದಗಿಯ ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ದಖನಿ. ಕಳೆದ ರಜೆಯಲ್ಲಿ ಅವಳಿಗೆಂದು ಒಂದು ಮಕ್ಕಳ ಕಾದಂಬರಿ ಕೊಟ್ಟಿದ್ದೆ. ಎರಡೇ ದಿನಕ್ಕೆ ಹಿಂದಿರುಗಿಸಿದಳು. “ಚಾಚಾ, ಇದು ಸಣ್ಣ ಹುಡುಗೂರ ಪುಸ್ತಕ ಐತಿ. ಇದರಾಗ ಯಾರಿಗೂ ಸಿಟ್ಟೇ ಬರಂಗಿಲ್ಲ” ಎಂದಳು. ಮಕ್ಕಳ ಸಾಹಿತ್ಯದ ಬಗ್ಗೆ ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ, ಇಷ್ಟು ನೇರವಾದದ್ದನ್ನು ಓದಿರಲಿಲ್ಲ. ಮುಂದಿನ ವಾರ ಐದುನೂರು ಪುಟದ ಹೆಸರಾಂತ ಕಾದಂಬರಿಯೊಂದನ್ನು ಕೊಟ್ಟೆ. ಅದು ನಲವತ್ತನೆಯ ಪುಟದಲ್ಲಿ ಮಡಿಕೆಯ ಗುರುತು ಹೊತ್ತು ಮರಳಿತು. ಈ ಎರಡರ ನಡುವೆ ಇರಬೇಕಾದ ಕಪಾಟು ನನ್ನ ಮನೆಯಲ್ಲೂ ಇರಲಿಲ್ಲ ಎಂಬುದು ಆಗ ತಿಳಿಯಿತು.

ಈ ಕೊರತೆ ನಮ್ಮ ಕಡೆ ಕಾಣುವುದು ಸ್ವಲ್ಪ ವಿಚಿತ್ರವೇ. ಮಕ್ಕಳ ಕವಿಗಳ ವಿಷಯದಲ್ಲಿ ಬಿಜಾಪುರ ಜಿಲ್ಲೆ ಬಡವಲ್ಲ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಸಿಂದಗಿಯ ಹ.ಮ. ಪೂಜಾರ, 2018ರಲ್ಲಿ ಸಮಗ್ರ ಸಾಧನೆಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕಂಚ್ಯಾಣಿ ಶರಣಪ್ಪ, ಹೀಗೆ ಹೆಸರುಗಳು ಸಾಲಾಗಿ ಬರುತ್ತವೆ. ಅದಕ್ಕೂ ಹಿಂದೆ, ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ ಅವರ ಜೊತೆ ಧೂಲಾಸಾಹೇಬರು ಕುಳಿತು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಹಾಕಿದರು. ತೊಟ್ಟಿಲ ಮಗುವಿಗೂ ಹಾಡಿದೆ, ಬೀಸುವ ತಾಯಿಗೂ ಹಾಡಿದೆ. ತೊಟ್ಟಿಲು ಬಿಟ್ಟು ಇನ್ನೂ ಬೀಸುಕಲ್ಲಿನ ತನಕ ಬಾರದ ಹುಡುಗಿಗೆ ಏನಿದೆ?

ಇಂಗ್ಲಿಷಿನಲ್ಲಿ ಹದಿಹರೆಯದವರಿಗೆಂದೇ ಕಾದಂಬರಿ ಬರೆಯುವುದು, ಅಂಗಡಿಯಲ್ಲಿ ಅದಕ್ಕೆ ಬೇರೆ ಗೂಡು ಮಾಡುವುದು ದೊಡ್ಡ ವ್ಯಾಪಾರ. ಕನ್ನಡದಲ್ಲಿ ಹಾಗೆ ಇಲ್ಲವೆಂದು ಕೊರಗಬೇಕಾಗಿಲ್ಲ. ಇರುವ ಪುಸ್ತಕಗಳಲ್ಲೇ ಆರಿಸಿ ಕೊಡಬಹುದು. ಆದರೆ ಆರಿಸುವವರಿಗೆ ಒಂದು ಧೈರ್ಯ ಬೇಕು. ಹದಿನಾಲ್ಕರ ಮಕ್ಕಳಿಗೆ ದುಃಖ ಗೊತ್ತಿಲ್ಲ, ಅನ್ಯಾಯ ಗೊತ್ತಿಲ್ಲ ಎಂಬ ನಮ್ಮ ಸುಳ್ಳನ್ನು ಮೊದಲು ಬಿಡಬೇಕು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಹೋಗುವ ತಂದೆತಾಯಿಯ ಜೊತೆ ಗಂಟುಮೂಟೆ ಹೊತ್ತು ಹೋಗಿಬಂದ ಮಗುವಿಗೆ, ಒಳ್ಳೆಯ ಬಾಲಕನಿಗೆ ಬಹುಮಾನ ಬಂತು ಎಂದು ಮುಗಿಯುವ ಕತೆ ಕೊಟ್ಟು ಯಾರನ್ನು ಸಮಾಧಾನಪಡಿಸುತ್ತಿದ್ದೇವೆ?

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹುಡುಗರಿಗೆ ನಾನು ಮೊದಲು ಕೊಡುವುದು ನಾ. ಡಿಸೋಜರ ‘ದ್ವೀಪ’. 2025ರ ಜನವರಿಯಲ್ಲಿ ನಮ್ಮನ್ನಗಲಿದ ಡಿಸೋಜರು ಶರಾವತಿ ಯೋಜನೆಯ ದಿನಗಳಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು. ಅಣೆಕಟ್ಟಿನ ನೀರು ಏರುತ್ತಾ ಸೀತಾಪರ್ವತವೆಂಬ ಗುಡ್ಡ ದ್ವೀಪವಾಗುತ್ತದೆ. ನೆರೆಯವರು ಒಬ್ಬೊಬ್ಬರಾಗಿ ಹೋಗುತ್ತಾರೆ, ಗಣಪಯ್ಯ ಮತ್ತು ನಾಗವೇಣಿ ಉಳಿಯುತ್ತಾರೆ. ಸಹಾಯಕ್ಕೆಂದು ಕೃಷ್ಣಯ್ಯ ಬಂದ ಮೇಲೆ ಗಂಡನ ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ. ಹೊರಗೆ ನೀರು ಏರಿದಂತೆಲ್ಲ ಒಳಗೆ ಅದೂ ಏರುತ್ತದೆ. ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದವರು ಕತೆ ಗೊತ್ತೆಂದು ಪುಸ್ತಕ ಬಿಡಬಾರದು. ಪುಟಗಳು ಕಡಿಮೆ, ವಾಕ್ಯಗಳು ಸರಳ. ಒಂಬತ್ತನೆಯ ತರಗತಿಯವರು ಒಂದು ಭಾನುವಾರದಲ್ಲಿ ಮುಗಿಸಬಹುದು.

ಇದನ್ನು ಮಲೆನಾಡಿನ ಕತೆ ಎನ್ನಬೇಡಿ. ಹಳೆಯ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟು ಅಜ್ಜಂದಿರ ಹೊಲ, ಗುಡಿ, ಮಸೀದಿ, ಕಬರಸ್ತಾನಗಳು ಇವೆ ಎಂಬುದನ್ನು ಆ ಕಡೆಯ ಮನೆಗಳಲ್ಲಿ ಕೇಳಿ ನೋಡಿ. ಅಲ್ಲಿಯ ಮಕ್ಕಳು ‘ಪುನರ್ವಸತಿ ಕೇಂದ್ರ’ ಎಂಬುದನ್ನು ಊರಿನ ಹೆಸರೆಂದೇ ತಿಳಿದು ಬೆಳೆದವರು. ಈಗ ನೀರು ನಿಲ್ಲುವ 519.60 ಮೀಟರ್ ಮಟ್ಟವನ್ನು 524.256ಕ್ಕೆ ಏರಿಸುವ ಯೋಜನೆ ಇರುವುದರಿಂದ ಮುಳುಗಡೆ ಎಂಬುದು ನಮಗೆ ಅಜ್ಜಿಕತೆಯೂ ಅಲ್ಲ. ನಮ್ಮ ಹೊಲಗಳಿಗೆ ನೀರು ಬಂದದ್ದೂ ನಿಜ, ಆ ನೀರಿಗೆ ಬೆಲೆ ತೆತ್ತವರು ಬೇರೆಯವರು ಎಂಬುದೂ ನಿಜ. ಸಮಾಜ ವಿಜ್ಞಾನದ ಪಾಠದಲ್ಲಿ ಮೊದಲನೆಯ ನಿಜ ಇದೆ. ಎರಡನೆಯದಕ್ಕೆ ಡಿಸೋಜರು ಬೇಕು. ಇನ್ನೂ ಚಿಕ್ಕವರಿದ್ದರೆ ಅವರದೇ ‘ಮುಳುಗಡೆಯ ಊರಿಗೆ ಬಂದವರು’ ಕೊಡಿ. ಮಕ್ಕಳಿಗಾಗಿಯೇ ಬರೆದ ಈ ಕಾದಂಬರಿಗೆ 2011ರ ಬಾಲಸಾಹಿತ್ಯ ಪುರಸ್ಕಾರ ಬಂದಿದೆ.

ಪುರಸ್ಕಾರದ ಮಾತು ಬಂದಿತೆಂದು ಒಂದು ಸಂಗತಿ. 2019ರಿಂದ 2023ರವರೆಗೆ ಐದೂ ವರ್ಷ ಕನ್ನಡದ ಈ ಪ್ರಶಸ್ತಿ ಕಾದಂಬರಿಗಳಿಗೇ ಬಂದಿದೆ: ನಮ್ಮ ನೆರೆಯ ಶಹಾಪುರದ ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್.ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಪದ್ಯದಿಂದ ಗದ್ಯದ ಕಡೆಗೆ ನಮ್ಮ ಮಕ್ಕಳ ಸಾಹಿತ್ಯ ಹೊರಳಿದ ಗುರುತು ಇದು. ಇವುಗಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಇಲ್ಲಿ ನನ್ನ ಚಿಂತೆ ಇವನ್ನು ದಾಟಿ ನಿಂತ ವಯಸ್ಸಿನದು.

ಪರೀಕ್ಷೆಯಲ್ಲಿ ಬಿದ್ದು ಗ್ಯಾರೇಜಿಗೋ ಲಿಂಬೆ ತೋಟಕ್ಕೋ ಸೇರಿದ ಇಂಡಿಯ ಹುಡುಗನಿಗೆ ತೇಜಸ್ವಿಯವರ ‘ಕರ್ವಾಲೊ’ ಕೊಡುತ್ತೇನೆ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಊರಿನವರು ಅರೆಹುಚ್ಚನೆಂದು ನಗುವ, ಜೇನು ಕೀಳುವ ಮಂದಣ್ಣ ಇದ್ದಾನೆ. ದೊಡ್ಡ ವಿಜ್ಞಾನಿಯಾದ ಕರ್ವಾಲೊ ಅವನನ್ನು ಗುರುತಿಸುತ್ತಾರೆ. ಮಂದಣ್ಣನ ಕಣ್ಣಿಗೆ ಬಿದ್ದದ್ದು ಪುಸ್ತಕ ಓದಿದವರ ಕಣ್ಣಿಗೆ ಬಿದ್ದಿಲ್ಲ ಎಂಬುದು ಅವರಿಗೆ ಗೊತ್ತು. ಹಾರುವ ಓತಿಯನ್ನು ಹುಡುಕುತ್ತಾ ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ನಾಯಿ ಕಿವಿ ಎಲ್ಲ ಕಾಡಿಗೆ ಹೊರಡುತ್ತಾರೆ. ನಗುತ್ತ ಓದಿಸಿಕೊಂಡು ಹೋಗುವ ಪುಸ್ತಕ. ಹೆಂಗಸರಿಗೆ ಇದರಲ್ಲಿ ಜಾಗ ಕಡಿಮೆ ಎಂಬುದು ನನ್ನ ದೂರು. ಹುಡುಗಿಯರೂ ಇದನ್ನು ಬಿಡದೆ ಓದುತ್ತಾರೆ, ಓದಿದ ಮೇಲೆ ಅದೇ ದೂರನ್ನು ಹೇಳುತ್ತಾರೆ. ಎರಡೂ ಸರಿ.

ಇನ್ನು ಕಠಿಣವಾದ ಭಾಗ. ನಮ್ಮ ಮನೆಗಳ ಹುಡುಗಿಯರಿಗೆ ಏನು ಕೊಡಬೇಕು?

ಓದುವ ಆದೇಶದೊಂದಿಗೇ ದಿವ್ಯವಾಣಿ ಆರಂಭವಾಯಿತೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಮನೆಯ ಹುಡುಗಿ ಕಾದಂಬರಿ ಹಿಡಿದು ಕೂತರೆ ಹುಬ್ಬೇರಿಸುತ್ತೇವೆ. ಉರ್ದುವಿನ ಮೊದಲ ಕಾದಂಬರಿಯೆಂದು ಎಣಿಸುವ ‘ಮಿರಾತುಲ್ ಅರೂಸ್’ ಹುಟ್ಟಿದ್ದೇ ಹೆಣ್ಣುಮಕ್ಕಳ ಓದಿಗಾಗಿ ಎಂಬುದನ್ನು ಮರೆತಿದ್ದೇವೆ. ಡೆಪ್ಯುಟಿ ನಜೀರ್ ಅಹ್ಮದರು ತಮ್ಮ ಮಗಳಂದಿರಿಗೆ ಓದಲು ಪುಸ್ತಕವಿಲ್ಲವೆಂದು ಬರೆದದ್ದು 1869ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಕ್ಕ ಅಕ್ಬರಿ ಹಠಮಾರಿ, ತಂಗಿ ಅಸ್ಗರಿ ಜಾಣೆ. ಅಸ್ಗರಿ ಮನೆ ನಿಭಾಯಿಸುತ್ತಾಳೆ, ಮೊಹಲ್ಲೆಯ ಹುಡುಗಿಯರಿಗೆ ಪಾಠವನ್ನೂ ಹೇಳುತ್ತಾಳೆ. ನೂರೈವತ್ತು ವರ್ಷಗಳ ಹಿಂದೆ ಅದು ಸಾಮಾನ್ಯ ಧೈರ್ಯವಲ್ಲ. ಆದರೂ ಅಸ್ಗರಿ ಒಮ್ಮೆಯೂ ತಪ್ಪುವುದಿಲ್ಲ, ಹಾಗಾಗಿ ಓದುವವರ ಮನಸ್ಸು ತಪ್ಪುಗಾರ್ತಿ ಅಕ್ಬರಿಯ ಕಡೆಗೇ ವಾಲುತ್ತದೆ. ಯಾರಿಗೂ ಸಿಟ್ಟು ಬರುವುದಿಲ್ಲ ಎಂದ ಸಿಂದಗಿಯ ಹುಡುಗಿಗೆ ಅಕ್ಬರಿ ಖಂಡಿತ ಇಷ್ಟವಾಗುತ್ತಾಳೆ.

ಬಶೀರರ ‘ಬಾಲ್ಯಕಾಲಸಖಿ’ಯಲ್ಲಿ ತೋರುಬೆರಳಿನ ಉಪದೇಶ ಇಲ್ಲ. 1944ರ ಈ ಮಲಯಾಳಂ ಕಿರು ಕಾದಂಬರಿ ಕನ್ನಡಕ್ಕೂ ಬಂದಿದೆ. ಒಂದು ಮತ್ತು ಒಂದು ಸೇರಿದರೆ ಎಷ್ಟು ಎಂದು ಮೇಷ್ಟ್ರು ಕೇಳಿದಾಗ ಮಜೀದನಿಗೆ ಎರಡು ಹೊಳೆ ಸೇರಿ ದೊಡ್ಡದಾಗುವುದು ನೆನಪಾಗುತ್ತದೆ, ಅವನ ಉತ್ತರವೂ ಹಾಗೆಯೇ ಇರುತ್ತದೆ. ಲೆಕ್ಕದಲ್ಲಿ ಚುರುಕು ಇರುವವಳು ಸುಹ್ರಾ. ಅವಳ ತಂದೆ ಸತ್ತ ಮೇಲೆ ಓದು ನಿಲ್ಲುತ್ತದೆ. ಉಳ್ಳವರ ಮನೆಯ ಮಜೀದ್ ಹೈಸ್ಕೂಲಿಗೆ ಹೋಗುತ್ತಾನೆ. ಅವಳನ್ನೂ ಓದಿಸೋಣವೆಂದು ಅವನ ಮನೆಯಲ್ಲಿ ಬೇಡಿಕೆ ಬಂದರೂ ತಂದೆ ಒಪ್ಪುವುದಿಲ್ಲ. ಆ ‘ಇಲ್ಲ’ ಎಂಬ ಮಾತಿನಿಂದ ಎರಡು ಬಾಳುಗಳು ಹಾದಿ ತಪ್ಪುತ್ತವೆ. ಇದನ್ನು ಪ್ರೇಮಕತೆ ಎಂದು ಮುಚ್ಚಿಡುವ ಹಿರಿಯರು ಪುಸ್ತಕದ ಈ ಭಾಗವನ್ನು ಓದಿರಲಾರರು. ಫೀಸು ಕಟ್ಟಲಾಗದೆ ಒಂದು ಹುಡುಗಿಯ ಓದು ನಿಂತ ಕತೆ ಇದು. ಪ್ರೇಮ ಅದರ ಮೇಲೆ ಬೆಳೆದ ಬಳ್ಳಿ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಹೆಸರಿಸಿದ ಕೂಡಲೇ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗಿನಿಂದಲೂ ಅದೇ ಗಲಾಟೆ. ಕಾಸರಗೋಡಿನ ಹೊಳೆಯಂಚಿನ ಹಳ್ಳಿಯ ನಾದಿರಾ ಗಂಡ ರಶೀದನೊಡನೆ ಸುಖವಾಗಿಯೇ ಇರುತ್ತಾಳೆ. ಹಣದ ವಿಷಯದಲ್ಲಿ ಅಳಿಯನ ಮೇಲೆ ಮುನಿದ ಅವಳ ತಂದೆ ಮಹಮ್ಮದ್ ಖಾನ್, ಗಂಡಹೆಂಡಿರಿಬ್ಬರಿಗೂ ಬೇಡವಾದ ತಲಾಖ್ ಆಗುವಂತೆ ಮಾಡುತ್ತಾನೆ. ಮತ್ತೆ ಒಂದಾಗಬೇಕೆಂದರೆ ನಾದಿರಾ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು ಎನ್ನುತ್ತಾರೆ. ಅವಳು ಮಸೀದಿಯ ಕೆರೆಯ ಕಡೆ ನಡೆಯುತ್ತಾಳೆ.

ಧರ್ಮವನ್ನು ಹೀಗಳೆಯುವ ಪುಸ್ತಕ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಹೀಗೆ ಮಾತಾಡಿಕೊಂಡು ಮಾಡುವ, ಮಾಡಿಸುವ ನಡುವಿನ ಮದುವೆಯನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂಬುದು ಹದೀಸ್ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಹಾಗಿರುವಾಗ ನಾದಿರಾಳ ಅಳುವನ್ನು ಧರ್ಮದ ವಿರುದ್ಧದ ದೂರು ಎಂದು ನಾವೇ ಏಕೆ ಹೆಗಲ ಮೇಲೆ ಹಾಕಿಕೊಳ್ಳಬೇಕು? ತನ್ನ ಹಠಕ್ಕೆ ಶರೀಅತ್ತಿನ ಹೆಸರು ಇಟ್ಟುಕೊಂಡ ಒಬ್ಬ ತಂದೆ ಇಲ್ಲಿ ಕಟಕಟೆಯಲ್ಲಿದ್ದಾನೆ. ಇನ್ನೊಂದು ಪಕ್ಷದವರೂ ಇದ್ದಾರೆ, ಮುಸ್ಲಿಮರ ಮನೆ ಎಂದರೆ ಹೀಗೇ ಎಂದು ಈ ಪುಸ್ತಕವನ್ನು ಸಾಕ್ಷಿಯಾಗಿ ಎತ್ತಿ ಹಿಡಿಯುವವರು. ಅವರು ರಶೀದನನ್ನು ಮರೆಯುತ್ತಾರೆ. ಹೆಂಡತಿಯನ್ನು ಪ್ರೀತಿಸುವ ಗಂಡನೂ ಆ ಕಾದಂಬರಿಯಲ್ಲಿರುವ ಮುಸ್ಲಿಮನೇ. ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ವರನನ್ನು ಹುಡುಕುವ ಮನೆಗಳು ನಮ್ಮ ನಾಲ್ಕೂ ತಾಲೂಕುಗಳಲ್ಲಿ ಎಲ್ಲ ಜಾತಿಯಲ್ಲೂ ಇವೆ ಎಂಬುದು ಅವರಿಗೂ ಗೊತ್ತಿರುವ ಮಾತು.

ಕೃತಿಯಲ್ಲಿ ಕೊರತೆ ಇಲ್ಲವೆಂದಲ್ಲ. ಮಹಮ್ಮದ್ ಖಾನನ ಮನಸ್ಸಿನೊಳಗೆ ಲೇಖಕಿ ಇನ್ನಷ್ಟು ಇಳಿಯಬಹುದಿತ್ತು. ಅವನು ಮಗಳನ್ನು ಪ್ರೀತಿಸುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಪುಸ್ತಕ ಮುಚ್ಚಿದ ಮೇಲೂ ಉಳಿಯುತ್ತದೆ. ಕೊನೆ ಬಹಳ ಕತ್ತಲು. ಹದಿನಾಲ್ಕಕ್ಕೆ ಬೇಡ, ಹದಿನಾರಕ್ಕೆ ಕೊಡಿ ಎಂದು ಗೆಳೆಯರೊಬ್ಬರು ವಾದಿಸಿದರು. ನಾನು ಒಂದು ವಾರ ಯೋಚಿಸಿದೆ. ನಮ್ಮ ಕಡೆ ಎಷ್ಟೋ ಹುಡುಗಿಯರಿಗೆ ಹದಿನಾರಕ್ಕೆ ನಿಶ್ಚಯದ ಮಾತು ಆಗಿಹೋಗಿರುತ್ತದೆ. ಆಮೇಲೆ ಕೊಟ್ಟ ಪುಸ್ತಕ ತಡವಾದ ಪುಸ್ತಕ. ಕೊಡಬೇಕು, ಆದರೆ ಒಬ್ಬಳನ್ನೇ ಬಿಟ್ಟು ಓದಿಸಬಾರದು. ಮನೆಯ ಹಿರಿಯರೂ ಅದೇ ವಾರ ಓದಿರಬೇಕು. ಕೆರೆಯ ಬಳಿಗೆ ಬಂದಾಗ ಹುಡುಗಿಗೆ ಕೇಳಲು ಒಬ್ಬರು ಎದುರಿಗಿರಬೇಕು.

ಕೊಳ್ಳುವುದು ಕಷ್ಟವಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ ಕೇಳಿ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ಹಣ ಕೊಡಬೇಕಾಗಿಲ್ಲ. ಪುಸ್ತಕ ಇಲ್ಲವೆಂದರೆ ಹೆಸರು ಬರೆದು ಕೊಟ್ಟು ಬನ್ನಿ, ಮುಂದಿನ ತಿಂಗಳು ಮತ್ತೆ ಕೇಳಿ.

ಸಿಂದಗಿಯ ಹುಡುಗಿ ‘ದ್ವೀಪ’ ಮುಗಿಸಿದ್ದಾಳೆ, ನಾಗವೇಣಿಯ ಪರವಾಗಿ ಗಣಪಯ್ಯನ ಮೇಲೆ ಸಿಟ್ಟಾಗಿದ್ದಾಳೆ. ಈಗ ‘ಚಂದ್ರಗಿರಿಯ ತೀರದಲ್ಲಿ’ ಅವಳ ಕೈಯಲ್ಲಿದೆ. ಅವಳ ಅಮ್ಮೀಗೆ ಕನ್ನಡ ಓದಲು ಬಾರದು. ಸಂಜೆ ರೊಟ್ಟಿ ಬಡಿಯುವಾಗ ಮಗಳು ಆ ದಿನ ಓದಿದ್ದನ್ನು ದಖನಿಯಲ್ಲಿ ಹೇಳುತ್ತಾಳಂತೆ. ಮೊನ್ನೆ ಹೋದಾಗ ಅಮ್ಮೀ ಒಲೆಯ ಮುಂದಿನಿಂದಲೇ ನನ್ನನ್ನು ಕೇಳಿದರು: “ಭಾಯೀ, ಆ ಹುಡುಗಿ ಗಂಡನ ಮನಿಗೆ ಹೋಗ್ತಾಳೋ ಇಲ್ಲೋ? ಇಕಿ ಕೇಳಿದರ ಹೇಳವಲ್ಲಳು.” ಮಗಳು ನನ್ನ ಕಡೆ ನೋಡಿ ಬೇಡವೆಂಬಂತೆ ತಲೆ ಅಲ್ಲಾಡಿಸಿದಳು. ಇನ್ನು ಹನ್ನೆರಡು ಪುಟ ಉಳಿದಿವೆ ಎಂದಷ್ಟೇ ಹೇಳಿದೆ.