ಶುಕ್ರವಾರ ರಜಾ ಇರೋ ಮ್ಯೂಸಿಯಂ

ಬನಶಂಕರಿ ಅಂದ್ರೆ ಬೆಂಗಳೂರಿನವರಿಗೆ ಮೆಟ್ರೋ ಸ್ಟೇಷನ್. ನಾನು ಹೇಳ್ತಿರೋದು ಬಾದಾಮಿಯಿಂದ 5 ಕಿಲೋಮೀಟರ್ ದೂರ, ಚೊಳಚಗುಡ್ಡದ ಹತ್ತಿರ ಇರೋ ಬನಶಂಕರಿ. ಬನದ ಹುಣ್ಣಿಮೆಗೆ ತೇರು ಎಳೆದರೆ ಅಲ್ಲಿಂದ ವಾರಗಟ್ಟಲೆ ಜಾತ್ರೆ. ಜನ ಬಾಗಿಲು, ಚೌಕಟ್ಟು ಕೊಳ್ಳೋಕೆ ಬರ್ತಾರೆ, ರೊಟ್ಟಿ ಬುತ್ತಿಗೆ ಬರ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ನಾಟಕಕ್ಕೆ ಬರ್ತಾರೆ. ಸಾಲಾಗಿ ಕಂಪನಿಗಳ ಟೆಂಟು, ದಿನಕ್ಕೆ ಮೂರು ನಾಲ್ಕು ಪ್ರಯೋಗ.

ಬಾದಾಮಿಯಲ್ಲಿ ಒಂದು ಮ್ಯೂಸಿಯಮ್ಮೂ ಇದೆ. ಅಗಸ್ತ್ಯತೀರ್ಥದ ದಂಡೆಯಲ್ಲಿ, ಕೇಂದ್ರ ಪುರಾತತ್ವ ಇಲಾಖೆಯದ್ದು. ಅಲ್ಲಿರೋ ಲಜ್ಜಾಗೌರಿ ಮೂರ್ತಿ ಒಂದನ್ನು ನೋಡೋಕಾದರೂ ಹೋಗಬೇಕು: ತಲೆ ಇರಬೇಕಾದ ಜಾಗದಲ್ಲಿ ಅರಳಿದ ಕಮಲ. ಆದರೆ ಅದಕ್ಕೆ ಶುಕ್ರವಾರ ರಜೆ. ಶುಕ್ರವಾರ ದೇವಿಯ ವಾರ, ಸುತ್ತಲಿನ ಹಳ್ಳಿಯ ಹೆಣ್ಮಕ್ಕಳು ಬನಶಂಕರಿಗೆ ಬರೋ ದಿನ. ಯಾರ ನೆಲದಿಂದ ಆ ಗೌರಿ ಬಂದಳೋ ಅವರು ಬಂದಾಗ ಬೀಗ!

1969ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಪೋರ್ಟೊರಿಕೋ ಮೂಲದ ಜನ 'ಎಲ್ ಮ್ಯೂಸಿಯೊ ದೆಲ್ ಬಾರಿಯೊ' ಶುರು ಮಾಡಿದರು. ಹೆಸರಿನ ಅರ್ಥ, ನಮ್ಮ ಓಣಿಯ ಮ್ಯೂಸಿಯಂ. ಶುರುವಾಗಿದ್ದು ಶಾಲೆಯ ಒಂದು ಕೋಣೆಯಲ್ಲಿ. ಊರಿನ ದೊಡ್ಡ ಮ್ಯೂಸಿಯಂಗಳಲ್ಲಿ ತಮ್ಮ ಮುಖ ಕಾಣದವರು ತಾವೇ ಕಟ್ಟಿಕೊಂಡದ್ದು. ನಮ್ಮ ಕಡೆ ಓಣಿಯ ಮ್ಯೂಸಿಯಂ ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಟೆಂಟನ್ನೇ ತೋರಿಸ್ತೀನಿ.

ಹಾಗಂತ ಟೆಂಟಿನ ಒಳಗೆ ನಡೆಯೋದೆಲ್ಲ ಒಳ್ಳೇದಲ್ಲ. ಹಾಸ್ಯಗಾರನ ಡಬಲ್ ಮೀನಿಂಗ್ ಮಾತಿಗೆ ಶಿಳ್ಳೆ ಬಿದ್ದರೆ ಮರುದಿನ ಆ ಸೀನು ಐದು ನಿಮಿಷ ಉದ್ದ ಆಗುತ್ತೆ. ನಾಯಕಿ ಬಾಯಲ್ಲೂ ಅದೇ ಮಾತು. ಕಥೆ ಅನ್ನೋದು ಎರಡು ಹಾಸ್ಯದ ನಡುವಿನ ಗ್ಯಾಪ್ ಆಗಿಬಿಡುತ್ತೆ. ಸಾಫ್ಟ್‌ವೇರಿನವರಿಗೆ ಇದು ಗೊತ್ತಿರೋ ರೋಗವೇ, ಕ್ಲಿಕ್ ಬಿದ್ದದ್ದನ್ನೇ ಬೆಳೆಸ್ತಾ ಹೋಗೋದು. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರು 'ಸಂಪತ್ತಿಗೆ ಸವಾಲ್' ಬರೆದಿದ್ದು ಇಂಥದೇ ಟೆಂಟಿನ ಪ್ರೇಕ್ಷಕರಿಗೆ. 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಗಿದ್ದು ಆಮೇಲೆ. ಸಾಹುಕಾರನ ಸೊಕ್ಕಿಗೆ ಎದುರು ನಿಲ್ಲೋ ಕಥೆಗೂ ಟಿಕೆಟ್ ಹರಿಯುತ್ತೆ ಅಂತ ಅವರು ತೋರಿಸಿದ್ದಾರೆ. ಜನಕ್ಕೆ ಇದೇ ಬೇಕು ಅನ್ನೋ ಮಾಲೀಕರ ಮಾತನ್ನು ನಾನು ಅರ್ಧ ಮಾತ್ರ ನಂಬ್ತೀನಿ.

ಅರ್ಧ ಯಾಕೆ ನಂಬ್ತೀನಿ ಅಂದ್ರೆ, ಲೆಕ್ಕ ಅಷ್ಟು ಬಿಗಿ. ಈ ಒಂದು ಜಾತ್ರೆ ಗಳಿಕೆಯಿಂದ ವರ್ಷದ ಉಳಿದ ಕ್ಯಾಂಪುಗಳ ನಷ್ಟ ತುಂಬಿಕೊಳ್ಳೋ ಕಂಪನಿಗಳಿವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮ್ಯೂಸಿಯಂ, ಟೆಂಟು ಎರಡೂ ಮುಚ್ಚಿದವು. ಮ್ಯೂಸಿಯಂ ಸಿಬ್ಬಂದಿಗೆ ತಿಂಗಳ ಸಂಬಳ ಇತ್ತು, ಇರಲೇಬೇಕು. ಟೆಂಟಿನವರಿಗೆ ಟಿಕೆಟ್ಟೇ ಸಂಬಳ. ಆಮೇಲೆ ಕೋವಿಡ್ಡಿಗೆ ಜಾತ್ರೆಯೇ ನಿಂತಿತು. ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಜನರನ್ನ ಸಾಕಿದ ಶಾಕಂಭರಿ ಅಂತ ಪೂಜೆ ಮಾಡೋ ಊರಿದು! ಬಣ್ಣ ಹಚ್ಚೋರ ಕಷ್ಟ ಮಾತ್ರ ಇಲ್ಲಿ ಕೇಳಿಸೋದು ಕಡಿಮೆ.

ಸರ್ಕಾರ ಕಂಪನಿಗಳಿಗೆ ದುಡ್ಡು ಕೊಟ್ಟರೆ ಸಾಕು ಅಂತಲ್ಲ. ಆ ಪರದೆಗಳಿವೆಯಲ್ಲ, ಕೈಯಿಂದ ಬರೆದ ಅರಮನೆ, ಬೀದಿ, ಅಡವಿ, ಹರಿದರೆ ಹೊಲಿದು ಮತ್ತೆ ಕಟ್ಟೋದು, ಹಾರ್ಮೋನಿಯಂ, ಹಳೇ ಹ್ಯಾಂಡ್‌ಬಿಲ್ಲು, ಮಾಸ್ತರರ ಕೈಬರಹದ ಪ್ರತಿಗಳು, ಇವನ್ನೆಲ್ಲ ಇಡೋಕೆ ಬಾದಾಮಿಯಲ್ಲಿ ಎರಡು ಕೋಣೆ ಬೇಕು. ಚಾಲುಕ್ಯರ ಕಲ್ಲು ಇನ್ನೂ ಸಾವಿರ ವರ್ಷ ಕಾಯುತ್ತೆ, ಬಟ್ಟೆ ಕಾಯಲ್ಲ. ಧುತ್ತರಗಿಯವರ ನಾಟಕ ಓದಿದ ಹುಡುಗ ನಟ ಹತ್ತು ಜನ ಬಂದರೂ ಹಾಸ್ಯದ ಸೀನು ಐದು ನಿಮಿಷ ಕಡಿಮೆ ಆದೀತು.

ಈ ಸಲ ಜಾತ್ರೆಗೆ ಹೋಗೋರು ರಾತ್ರಿಯ ಕೊನೇ ಪ್ರಯೋಗಕ್ಕೆ ಟಿಕೆಟ್ ತಗೊಳ್ಳಿ. ನಟರ ಗಂಟಲು ಕಟ್ಟಿರುತ್ತೆ, ಮೊದಲ ಬಸ್ಸಿಗೆ ಕಾಯೋ ರೈತರು ಕಂಬಳಿ ಹೊದ್ದು ಕೂತಿರ್ತಾರೆ. ಅವರು ಎಲ್ಲಿ ನಗ್ತಾರೆ, ಎಲ್ಲಿ ಸುಮ್ಮನಾಗ್ತಾರೆ, ಅದನ್ನೂ ನೋಡಿ.