ವೈದ್ಯರ ಅಂದಾಜು, ತಾಯಿಯ ಅರಿವು

ರೋಗಿಯ ಆರೋಗ್ಯಜ್ಞಾನವನ್ನು ವೈದ್ಯರು ಮಾತುಕತೆಯಿಂದಲೇ ಅಳೆಯಬಲ್ಲರೆಂಬ ನಂಬಿಕೆಯನ್ನು ನಾವು ಒಪ್ಪಲಾರೆವು. ಅಮೆರಿಕದ ಹ್ಯೂಸ್ಟನ್ ನಗರವನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರು ರೋಗಿಗಳ ಸಾಕ್ಷರತೆಯನ್ನು ಇದ್ದುದಕ್ಕಿಂತ ಹೆಚ್ಚಾಗಿ ಎಣಿಸಿದುದು ಕಂಡುಬಂದಿತು. ಮಾತೂ ಬೇರೆಯಾದರೆ ತೊಡಕು ಇಮ್ಮಡಿ. ಅಂಕೋಲೆಯ ಅಗಸೂರಿನ ಸುತ್ತ ಹಾಲಕ್ಕಿ ಒಕ್ಕಲಿಗರ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಅಂತರವಿದೆ. ಕೊಂಕಣಿಯಾಡುವ ಮನೆಗಳೂ ಇವೆ. ಅಲ್ಲಿನ ತಾಯಿ ವೈದ್ಯರೆದುರು ತಲೆಯಾಡಿಸಿದರೆ ಅದು ಗ್ರಹಿಕೆಯೋ, ಬರಿಯ ಮರ್ಯಾದೆಯೋ?

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಸ್ವತಃ ವೈದ್ಯನು. ದುಭಾಷಿಯ ಮೂಲಕ ಕೇಳಿ ಬರೆದನು. ಅವನ ಗ್ರಂಥದಲ್ಲಿ ಜನರ ಅರಿವೆಷ್ಟು, ದುಭಾಷಿಯ ಪಾಲೆಷ್ಟು ಎಂದು ನಾವು ಶೋಧಿಸಿಯೇ ಓದುತ್ತೇವೆ. ಚಿಕಿತ್ಸಾಲಯದಲ್ಲಿಯಾದರೋ ಶಾಲೆಗೆ ಹೋಗುವ ಮಗನೇ ದುಭಾಷಿ. ಅವನ ಜಾಣ್ಮೆ ತಾಯಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಮನೆಯಲ್ಲಿ ಔಷಧ ಕುಡಿಸುವವಳು ಮಾತ್ರ ತಾಯಿ.

ಅಕ್ಷರವನ್ನೇ ಅಳತೆಗೋಲಾಗಿಸುವುದೂ ತಪ್ಪು. ಬಡಗೇರಿಯ ಸುಕ್ರಿ ಬೊಮ್ಮಗೌಡರು (ನಿಧನ 2025) ಶಾಲೆ ಕಾಣದವರು. ಸಾರಾಯಿಯ ಕೇಡನ್ನರಿತು ಅದರ ವಿರುದ್ಧ ಹೋರಾಡಿದರು. ಹಾಗೆಂದು ಔಷಧದ ಚೀಟಿ ಎಲ್ಲರಿಗೂ ತಾನಾಗಿ ತಿಳಿಯುವುದೆಂದರೆ ಅದು ಭಾವುಕತೆಯಾದೀತು. ಮಗುವಿಗೆ ಎಷ್ಟು ಔಷಧ, ದಿನಕ್ಕೆ ಎಷ್ಟು ಸಲ ಎಂಬುದನ್ನು ತಾಯಿಯೇ ತನ್ನ ಮಾತಿನಲ್ಲಿ ಹೇಳಿ, ಚಮಚದಲ್ಲಿ ಅಳೆದು ತೋರಿಸಲಿ. ವೈದ್ಯರು ಆಮೇಲೆ ಅಂದಾಜು ಮಾಡಲಿ.